ಮನೆಯ ಒಡವೆಗಳ ಶುದ್ಧಿ ಮತ್ತು ರಕ್ಷಣೆ

ಮುಂಬಯಿಯ ಚಾಳಿನ ಒಂದು ಕೋಣೆಯ ಮನೆಯಾಗಲಿ, ಉಪನಗರದ ಚಿಕ್ಕ ಬಿಡಾರವಾಗಲಿ, ಕಪಾಟಿನ ಒಳಗೂಡಿನಲ್ಲಿ ಒಂದು ಡಬ್ಬಿ ಇದ್ದೇ ಇರುತ್ತದೆ. ಅದರಲ್ಲಿ ತಾಯಿಯ ಬಳೆ, ಅಜ್ಜಿ ಕೊಟ್ಟ ಬೆಂಡೋಲೆ ಇಲ್ಲವೆ ಬೋರಮಾಳ, ತಂಗಿಯ ಬೆಳ್ಳಿಯ ಕಾಲ್ಗೆಜ್ಜೆ, ಒಂದೆಳೆ ಮುತ್ತಿನ ಸರ ಇರಬಹುದು. ಹಬ್ಬ ಬಂದರೆ ಅವು ಮೈಮೇಲೆ ಬರುತ್ತವೆ. ಶಾಲೆಯ ಫೀ, ಆಸ್ಪತ್ರೆಯ ಖರ್ಚು, ಊರಿನ ಮನೆಯ ಮಾಡಿನ ದುರಸ್ತಿ ಎಂದು ಅಡಚಣೆ ಬಂದರೆ ಗಿರವಿಯಂಗಡಿಗೂ ಹೋಗುತ್ತವೆ. ಇಂತಹ ಸೊತ್ತನ್ನು ಕೆಡದಂತೆ ಕಾಪಾಡುವ ಕ್ರಮವನ್ನು ವಿದ್ಯಾರ್ಥಿಗಳಾದ ನೀವು ಅರಿತಿರುವುದು ಅವಶ್ಯ. ಆದುದರಿಂದ ಈ ಸಲ ನಾವು ಅದನ್ನೇ ಪಾಠದ ವಿಷಯವಾಗಿ ಆರಿಸಿಕೊಂಡಿದ್ದೇವೆ.

ಮೊದಲು ಒಂದು ಮಾತು. ಒಡವೆಗಳು ಕೊಳೆಯಿಂದ ಕೆಡುವುದಕ್ಕಿಂತ ತಪ್ಪಾಗಿ ತೊಳೆಯುವುದರಿಂದ ಕೆಡುವುದೇ ಹೆಚ್ಚು. ಚಿನ್ನಕ್ಕೆ ಹಿಡಿಸಿದುದು ಮುತ್ತಿಗೆ ಹಿಡಿಸದು. ಬೆಳ್ಳಿಗೆ ಒಗ್ಗಿದುದು ಹವಳಕ್ಕೆ ಒಗ್ಗದು. ಪ್ರತಿಯೊಂದರ ಗುಣವನ್ನು ತಿಳಿದ ಬಳಿಕವೇ ಅದಕ್ಕೆ ಕೈ ಹಚ್ಚಬೇಕು.

ಚಿನ್ನ

ಚಿನ್ನವು ಗಾಳಿಯಿಂದಾಗಲಿ ನೀರಿನಿಂದಾಗಲಿ ತುಕ್ಕು ಹಿಡಿಯುವ ಲೋಹವಲ್ಲ. ಆದರೂ ತಾಯಿಯ ಬಳೆ ಮಂಕಾಗಿ ತೋರುವುದೇಕೆ? ಬೆವರು, ತಲೆಯೆಣ್ಣೆ, ಸಾಬೂನು, ಮುಖಕ್ಕೆ ಹಚ್ಚುವ ಪುಡಿ, ರಸ್ತೆಯ ಧೂಳು ಇವೆಲ್ಲ ಸೇರಿ ಅದರ ಮೇಲೆ ತೆಳುವಾದ ಜಿಡ್ಡಿನ ಪದರವಾಗುತ್ತವೆ. ಆ ಜಿಡ್ಡನ್ನು ತೆಗೆದರೆ ಸಾಕು; ಲೋಹವನ್ನು ಉಜ್ಜಬೇಕಾಗಿಲ್ಲ.

ಒಂದು ಬಟ್ಟಲಿನಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಳ್ಳಿರಿ. ಅಂಟುವಾಳದ ಕಾಯಿಯ ಸಿಪ್ಪೆಯನ್ನು ಅದರಲ್ಲಿ ನೆನೆಸಿ ಕಿವುಚಿದರೆ ನೊರೆ ಬರುತ್ತದೆ. ಇಲ್ಲಿನ ಕಿರಾಣಿ ಅಂಗಡಿಯಲ್ಲಿ ‘ರೀಠಾ’ ಎಂದು ಕೇಳಿದರೆ ಅದು ದೊರೆಯುತ್ತದೆ. ದೊರೆಯದಿದ್ದರೆ ಸೌಮ್ಯವಾದ ಸಾಬೂನಿನ ನೀರೂ ಆದೀತು. ಒಡವೆಯನ್ನು ಹದಿನೈದು ನಿಮಿಷ ಅದರಲ್ಲಿರಿಸಿ, ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸಂದುಗಳನ್ನು ಮೆಲ್ಲನೆ ತಿಕ್ಕಿ, ಬೇರೊಂದು ಬಟ್ಟಲಿನ ನೀರಿನಲ್ಲಿ ಅದ್ದಿ, ಹತ್ತಿಯ ಬಟ್ಟೆಯಿಂದ ಒರಸಿ ನೆರಳಿನಲ್ಲಿ ಆರಿಸಿರಿ. ಈ ಕೆಲಸವನ್ನು ಎಂದಿಗೂ ಮೋರಿಯ ಮೇಲೆ ಮಾಡಬಾರದು. ಮೋರಿಯ ಕಂಡಿಯಲ್ಲಿ ಜಾರಿದ ಮೂಗುಬೊಟ್ಟು ಮರಳಿ ಬರುವುದು ದುರ್ಲಭ.

ಬೋರಮಾಳದ ಗುಂಡುಗಳಂತಹ ಪೊಳ್ಳು ಮಣಿಗಳೊಳಗೆ ಅರಗು ತುಂಬಿರುವುದುಂಟು. ಹಳೆಯ ಕಲ್ಲಿನ ಓಲೆಗಳಲ್ಲಿ ಕಲ್ಲಿನ ಹಿಂದೆ ಅರಗೂ ಹೊಳೆಯುವ ತಗಡೂ ಇರುತ್ತವೆ. ಬಿಸಿನೀರಿಗೆ ಅರಗು ಮೆತ್ತಗಾಗುತ್ತದೆ. ನೀರು ಒಳಹೊಕ್ಕರೆ ತಗಡು ಕಪ್ಪಾಗಿ ಕಲ್ಲು ಕಳೆಗುಂದುತ್ತದೆ. ಇವನ್ನು ನೆನೆಸದೆ, ತೇವದ ಬಟ್ಟೆಯಿಂದ ಒರಸಿದರೆ ಸಾಕು.

ಬೂದಿ, ಇಟ್ಟಿಗೆಯ ಪುಡಿ, ಹಲ್ಲುಪುಡಿ ಇವುಗಳಿಂದ ಚಿನ್ನವನ್ನು ತಿಕ್ಕುವ ಪದ್ಧತಿ ಕೆಲವು ಮನೆಗಳಲ್ಲಿದೆ. ಇದು ತಪ್ಪು. ಖನಿಜಗಳ ಗಡಸುತನವನ್ನು ಅಳೆಯಲು ಮೋಸ್ ಎಂಬ ವಿಜ್ಞಾನಿಯು 1812ರಲ್ಲಿ 1ರಿಂದ 10ರವರೆಗಿನ ಕ್ರಮವೊಂದನ್ನು ಏರ್ಪಡಿಸಿದನು. ಅದರಲ್ಲಿ ವಜ್ರಕ್ಕೆ 10, ಮರಳಿನಲ್ಲಿರುವ ಬೆಣಚುಕಲ್ಲಿಗೆ 7. ಚಿನ್ನಕ್ಕಾದರೋ 3ಕ್ಕಿಂತ ಹೆಚ್ಚಿಲ್ಲ. ಆದುದರಿಂದ ಒರಟು ಪುಡಿಯಿಂದ ತಿಕ್ಕಿದಾಗಲೆಲ್ಲ ಚಿನ್ನವು ಕಣಕಣವಾಗಿ ಸವೆಯುತ್ತದೆ. ಆ ಕಣಗಳ ಬೆಲೆಯನ್ನು ತಿಳಿಯಬೇಕಾದರೆ ಝವೇರಿ ಬಜಾರಕ್ಕೆ ಹೋಗಿ ನೋಡಿರಿ. ಅಕ್ಕಸಾಲಿಗರ ಗಲ್ಲಿಗಳ ಧೂಳನ್ನು ಗುಡಿಸಿ, ಘಮೇಲಾದಲ್ಲಿ ತೊಳೆದು, ಅದರಲ್ಲಿ ಬೆರೆತ ಚಿನ್ನದಿಂದಲೇ ಹೊಟ್ಟೆ ಹೊರೆಯುವ ಜನರು ಅಲ್ಲಿದ್ದಾರೆ.

ಬೆಳ್ಳಿ

ಬೆಳ್ಳಿಯ ಕಥೆ ಬೇರೆ. ಅದು ಕಪ್ಪಾಗುವುದು ಕೊಳೆಯಿಂದಲ್ಲ. ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲದ ಗಂಧಕವು ಬೆಳ್ಳಿಯೊಡನೆ ಕೂಡಿ ಕಪ್ಪಾದ ಬೆಳ್ಳಿಯ ಸಲ್ಫೈಡ್ ಆಗುತ್ತದೆ. ಕೊಳೆತ ಮೊಟ್ಟೆಯ ನಾತ ಈ ಅನಿಲದ್ದೇ. ಮಾಹೀಮ್ ಮತ್ತು ಬಾಂದ್ರಾಗಳ ನಡುವೆ ರೈಲು ಖಾಡಿಯನ್ನು ದಾಟುವಾಗ ನೀವು ಮೂಗು ಮುಚ್ಚಿಕೊಳ್ಳುವುದಿಲ್ಲವೆ? ಅಂತಹ ಗಾಳಿ ಬೀಸುವಲ್ಲಿ ಕಾಲ್ಗೆಜ್ಜೆ ಬೇಗ ಕಪ್ಪಾಗುವುದರಲ್ಲಿ ಆಶ್ಚರ್ಯವಿಲ್ಲ.

ಈ ಕಪ್ಪನ್ನು ತಿಕ್ಕಿ ತೆಗೆದರೆ ಅದರೊಡನೆ ಬೆಳ್ಳಿಯೂ ಹೋಗುತ್ತದೆ. ಇದಕ್ಕಿಂತ ಉತ್ತಮವಾದ ಉಪಾಯವುಂಟು. ಒಂದು ಗಾಜಿನ ಇಲ್ಲವೆ ಪಿಂಗಾಣಿಯ ಪಾತ್ರೆಯ ತಳದಲ್ಲಿ ಚಪಾತಿ ಸುತ್ತುವ ಅಲ್ಯುಮಿನಿಯಮ್ ಹಾಳೆಯನ್ನು ಹಾಸಿ, ಬಿಸಿನೀರು ಹೊಯ್ದು, ಒಂದು ಚಮಚ ಅಡಿಗೆ ಸೋಡಾ, ಒಂದು ಚಿಟಿಕೆ ಉಪ್ಪು ಹಾಕಿರಿ. ಗೆಜ್ಜೆಯು ಹಾಳೆಗೆ ತಗಲುವಂತೆ ಇರಿಸಿರಿ. ಕೆಲವೇ ನಿಮಿಷಗಳಲ್ಲಿ ಕಪ್ಪು ಕರಗುತ್ತ ಹೋಗುತ್ತದೆ. ಮೂಗಿಗೆ ಅದೇ ಮೊಟ್ಟೆಯ ನಾತ ಬಡಿಯಬಹುದು. ಗಂಧಕವು ಬೆಳ್ಳಿಯನ್ನು ಬಿಟ್ಟಿತು. ಬೆಳ್ಳಿಯು ಬೆಳ್ಳಿಯಾಗಿ ಮರಳಿತು. ಮುತ್ತು, ಕಲ್ಲು ಕೂಡಿಸಿದ ಒಡವೆಗಳಿಗೂ, ಅಂದಕ್ಕಾಗಿ ಬೇಕೆಂದೇ ಕಪ್ಪು ಮಾಡಿದ ಬೆಳ್ಳಿಗೂ ಈ ಕ್ರಮ ಸಲ್ಲದು.

ಮುತ್ತು ಮತ್ತು ಹವಳ

ಮುತ್ತು, ಹವಳಗಳು ಜೀವಿಗಳಿಂದ ಹುಟ್ಟಿದವು. ಇವೆರಡರ ಮುಖ್ಯ ದ್ರವ್ಯ ಕ್ಯಾಲ್ಸಿಯಮ್ ಕಾರ್ಬೋನೇಟ್. ಮೊಟ್ಟೆಯ ಚಿಪ್ಪಿನ ದ್ರವ್ಯವೂ ಅದೇ. ಒಂದು ಚೂರು ಚಿಪ್ಪನ್ನು ಲಿಂಬೆಯ ರಸದಲ್ಲಿ ಹಾಕಿ ನೋಡಿರಿ. ಗುಳ್ಳೆಗಳೆದ್ದು ಚಿಪ್ಪು ಕರಗತೊಡಗುತ್ತದೆ. ಹಿತ್ತಾಳೆಯ ಬಿಂದಿಗೆಯನ್ನು ಬೆಳಗುವ ಹುಣಿಸೆಹಣ್ಣನ್ನು ಮುತ್ತಿಗೆ ತಗಲಿಸಿದರೆ ಆಗುವುದೂ ಇದೇ. ಮುತ್ತಿನ ಸರವನ್ನು ತೊಟ್ಟು ತೆಗೆದೊಡನೆ ತೇವದ ಮೆತ್ತನೆ ಬಟ್ಟೆಯಿಂದ ಬೆವರನ್ನು ಒರಸಿ, ದಾರ ಜಗ್ಗದಂತೆ ಅಡ್ಡಲಾಗಿ ಮಲಗಿಸಿ ಆರಿಸಬೇಕು. ಅತ್ತರು, ಪುಡಿಗಳನ್ನು ಮೊದಲು ಹಚ್ಚಿ, ಮುತ್ತನ್ನು ಕೊನೆಗೆ ತೊಡಬೇಕು.

ಮನೆಬಾಗಿಲಿಗೆ ಬರುವವರು

ಆಮ್ಲದ ಮಾತು ಬಂದುದರಿಂದ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ನಾವು ಊರಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ವರ್ಷ, ಮಧ್ಯಾಹ್ನದ ಹೊತ್ತಿನಲ್ಲಿ ಇಬ್ಬರು ಅಪರಿಚಿತರು ಬಾಗಿಲಿಗೆ ಬಂದರು. ಹಿತ್ತಾಳೆಯ ದೀಪವೊಂದನ್ನು ಪುಡಿ ಹಚ್ಚಿ ಬಿಟ್ಟಿಯಾಗಿ ಬೆಳಗಿಕೊಟ್ಟರು. ನಮ್ಮ ತಾಯಿಯವರಿಗೆ ನಂಬಿಕೆ ಬಂದಿತು. ಕೈಯ ನಾಲ್ಕು ಬಳೆಗಳನ್ನು ಬಿಚ್ಚಿಕೊಟ್ಟರು. ಅವರು ಅರಿಸಿನ ಬೆರೆಸಿದ ಯಾವುದೋ ದ್ರವದಲ್ಲಿ ಬಳೆಗಳನ್ನು ಮುಳುಗಿಸಿ, ತಿರುಗಿಸಿ, ತೊಳೆದುಕೊಟ್ಟರು. ಘಾಟು ವಾಸನೆ ಬಂದಿತ್ತು. ಬಳೆಗಳು ಹೊಸದರಂತೆ ಹೊಳೆದುವು. ಅವರು ಐದು ರೂಪಾಯಿ ಪಡೆದು, ಆ ದ್ರವವನ್ನು ಚೆಲ್ಲದೆ, ಜೋಪಾನವಾಗಿ ತಮ್ಮ ಡಬ್ಬಿಯಲ್ಲಿ ತುಂಬಿಕೊಂಡು ಹೋದರು.

ಮರುವರ್ಷ ನಮ್ಮ ಓದಿನ ಖರ್ಚಿಗಾಗಿ ಆ ಬಳೆಗಳನ್ನು ಅಡವಿಡುವ ಪ್ರಸಂಗ ಬಂದಿತು. ಹಳೆಯ ಚೀಟಿಯಲ್ಲಿ 40 ಗ್ರಾಂ ಎಂದಿತ್ತು, ತಕ್ಕಡಿಯಲ್ಲಿ 36.5 ಗ್ರಾಂ ತೂಗಿತು. “ನಿತ್ಯ ತೊಟ್ಟು ಸವೆದಿರಬೇಕು, ಮಗಾ” ಎಂದರು ತಾಯಿಯವರು. ಸವೆದುದಲ್ಲವೆಂದು ನಮಗೆ ಅಲ್ಲಿಯೇ ಹೊಳೆಯಿತು. ಯಾವ ಒಂದು ಸಾಮಾನ್ಯ ಆಮ್ಲಕ್ಕೂ ಬಗ್ಗದ ಚಿನ್ನವು ಒಂದು ಭಾಗ ನೈಟ್ರಿಕ್ ಆಮ್ಲ, ಮೂರು ಭಾಗ ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ ಕರಗುತ್ತದೆ. ಇದಕ್ಕೆ ‘ಆಕ್ವಾ ರೀಜಿಯಾ’, ಅಂದರೆ ರಾಜಜಲ, ಎಂದು ಹೆಸರು. ಚಿನ್ನ ಕರಗಿದ ಈ ದ್ರವದ ಬಣ್ಣ ಹಳದಿ. ಅರಿಸಿನ ಬೆರೆಸಿದುದು ಅದನ್ನು ಮರೆಮಾಡಲೆಂದೇ. ಈ ಪ್ರಶ್ನೆಗೆ ನಾವು ಪರೀಕ್ಷೆಯಲ್ಲಿ ಸರಿಯಾದ ಉತ್ತರ ಬರೆದು ಪೂರ್ಣ ಗುಣ ಪಡೆದಿದ್ದೆವು. ಆ ಮಧ್ಯಾಹ್ನ ತಾಯಿಯವರ ಪಕ್ಕದಲ್ಲಿಯೇ ನಿಂತು ನೋಡುತ್ತಿದ್ದವರೂ ನಾವೇ. ಪುಸ್ತಕದ ಪಾಠವು ನಮ್ಮ ಮನೆಯ ಹೊಸ್ತಿಲನ್ನು ದಾಟಿರಲಿಲ್ಲ.

3.5 ಗ್ರಾಂ ಅಲ್ಪವೆಂದು ತೋರಬಹುದು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದುವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದೂ ಚಿನ್ನ ತೆಗೆಯುತ್ತಾರೆ. ಅಲ್ಲಿ ನೆಲದಾಳದಿಂದ ಒಂದು ಟನ್ ಅದಿರನ್ನು ಮೇಲಕ್ಕೆ ತಂದು ಪುಡಿಮಾಡಿದರೆ ದೊರೆಯುವ ಚಿನ್ನವು ಕೆಲವೇ ಗ್ರಾಂ. ಅಷ್ಟನ್ನು ನಾವು ಅರ್ಧ ಗಳಿಗೆಯಲ್ಲಿ ಕಳೆದುಕೊಂಡಿದ್ದೆವು.

ಇಂತಹವರು ಮುಂಬಯಿಯ ಚಾಳುಗಳಿಗೂ ಬರುವುದುಂಟು. ಗಂಡಸರು ಕೆಲಸಕ್ಕೆ ಹೋದ ಹೊತ್ತನ್ನೇ ನೋಡಿ ಬರುತ್ತಾರೆ. ಆಗ ಮನೆಯಲ್ಲಿ ನೀವಿದ್ದರೆ ವಿನಯದಿಂದಲೇ “ಬೇಡ” ಎನ್ನಿರಿ, ನೆರೆಯವರನ್ನು ಕರೆಯಿರಿ, ಅವಶ್ಯವಾದರೆ 112ಕ್ಕೆ ಫೋನು ಮಾಡಿರಿ.

ಕೊನೆಯದಾಗಿ ಕೆಲವು ನಿಯಮಗಳು

ಒಡವೆಗಳನ್ನು ಒಂದರ ಮೇಲೊಂದು ರಾಶಿ ಹಾಕದೆ, ಬೇರೆ ಬೇರೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಡಬೇಕು. ಮಳೆಗಾಲದ ನಾಲ್ಕು ತಿಂಗಳು ಇಲ್ಲಿನ ಗಾಳಿಯಲ್ಲಿ ತೇವವು ಹೆಚ್ಚು. ಪೂರ್ಣವಾಗಿ ಆರಿದ ಬಳಿಕವೇ ಡಬ್ಬಿಗೆ ಸೇರಿಸಬೇಕು. ನೆಲ ತೊಳೆಯುವ ಬ್ಲೀಚಿಂಗ್ ಪುಡಿಯನ್ನು ಮುಟ್ಟುವ ಮುಂಚೆ ಉಂಗುರ, ಬಳೆಗಳನ್ನು ತೆಗೆದಿಡಬೇಕು. ಒಡೆದ ಥರ್ಮಾಮೀಟರಿನ ಪಾದರಸವು ಚಿನ್ನಕ್ಕೆ ತಗಲಿದರೆ ಅದರೊಡನೆ ಬೆರೆತು ಬಿಳಿಯ ಕಲೆ ಮಾಡುತ್ತದೆ, ಅದರಿಂದ ದೂರವಿರಬೇಕು.

22 ಕ್ಯಾರಟ್ಟಿನ ಒಡವೆಯ ಮೇಲೆ 916 ಎಂಬ ಮುದ್ರೆ ಇರುತ್ತದೆ. ಸಾವಿರ ಭಾಗಗಳಲ್ಲಿ 916 ಭಾಗ ಚಿನ್ನವೆಂದು ಅದರ ಅರ್ಥ. 2021ರಿಂದೀಚಿನ ಮುದ್ರೆಯಲ್ಲಿ ಆರು ಅಕ್ಷರ-ಅಂಕೆಗಳ ಪ್ರತ್ಯೇಕ ಗುರುತೂ ಸೇರಿದೆ. ಆದರೆ ಮುದ್ರೆಯು ಅಪ್ಪಟತನಕ್ಕೆ ಸಾಕ್ಷಿಯೇ ಹೊರತು, ಒಡವೆಯು ಮುಂದೆ ತೂಕ ಕಳೆದುಕೊಂಡರೆ ಅದನ್ನು ತಿಳಿಸಲಾರದು. ಆದುದರಿಂದ ಈ ಭಾನುವಾರ ತಾಯಿಯವರ ಜೊತೆ ಕುಳಿತು, ಮನೆಯ ಪ್ರತಿಯೊಂದು ಒಡವೆಯ ಹೆಸರು, ತೂಕ, ಮುದ್ರೆಗಳನ್ನು ಒಂದು ವಹಿಯಲ್ಲಿ ನಿಮ್ಮ ಕೈಯಿಂದಲೇ ಕನ್ನಡದಲ್ಲಿ ಬರೆದಿಡಿರಿ. ತೂಕದ ಚೀಟಿಗಳನ್ನು ಅದರಲ್ಲಿಯೇ ಅಂಟಿಸಿರಿ. ಆ ವಹಿಯನ್ನು ಡಬ್ಬಿಯೊಳಗೆ ಇಡದೆ ಬೇರೆಡೆ ಇಡಿರಿ.