ಸ್ಯಾಕ್ಸೊಫೋನ್ ಸಾಧಕರು

ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯನಿರ್ಮಾಪಕನು 1846ರಲ್ಲಿ ಪ್ಯಾರಿಸ್ ನಗರದಲ್ಲಿ ಒಂದು ಹೊಸ ಸುಷಿರವಾದ್ಯಕ್ಕೆ ಹಕ್ಕುಪತ್ರವನ್ನು ಪಡೆದನು. ಹಿತ್ತಾಳೆಯ ಒಡಲಿನ ಈ ವಾದ್ಯವು ತೆಳುವಾದ ದಂಟಿನ ಸೀಳೊಂದರ ಕಂಪನದಿಂದ ನುಡಿಯುತ್ತದೆ. ನಿರ್ಮಾಪಕನ ಹೆಸರಿನಿಂದಲೇ ಅದು ‘ಸ್ಯಾಕ್ಸೊಫೋನ್’ ಎನಿಸಿತು. ಮೊದಲು ಸೇನೆಯ ವಾದ್ಯವೃಂದಗಳಲ್ಲಿ ನೆಲೆಸಿದ ಅದು, ಮುಂದೆ ಅಮೆರಿಕದ ಕಪ್ಪು ಜನರ ಜಾಸ್ ಸಂಗೀತಕ್ಕೆ ಕೊರಳಾಯಿತು.

ಕ್ಯಾನ್ಸಸ್ ನಗರದ ಚಾರ್ಲಿ ಪಾರ್ಕರ್ (1920–1955) ಹದಿಹರೆಯದಲ್ಲಿ ಒಂದು ಗೋಷ್ಠಿಯಲ್ಲಿ ನುಡಿಸುತ್ತ ದಾರಿ ತಪ್ಪಿದನು. ತಾಳವಾದಕನು ಲೋಹದ ತಾಳವೊಂದನ್ನು ಅವನ ಕಾಲಬಳಿಗೆ ಎಸೆದನು, ನೆರೆದವರು ನಕ್ಕರು. ಹುಡುಗನು ವಾದ್ಯವನ್ನು ಬಿಡಲಿಲ್ಲ, ಹಗಲಿರುಳು ಅಭ್ಯಾಸಮಾಡಿದನು. ‘ಬೀಬಾಪ್’ ಎಂಬ ನೂತನ ಶೈಲಿಯನ್ನು ರೂಪಿಸಿದವರಲ್ಲಿ ಅವನು ಅಗ್ರಗಣ್ಯನಾದನು.

ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು ನಾಗಸ್ವರ ವಿದ್ವಾಂಸರ ಪುತ್ರರು. ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸೊಫೋನಿನ ನಾದವನ್ನು ಕೇಳಿ ಅವರು ಮಾರುಹೋದರು. ಆದರೆ ಅದರ ಕೀಲಿಗಳು ಬಿಡಿಬಿಡಿಯಾದ ಸ್ವರಗಳನ್ನು ಕೊಡುವವು. ಕರ್ನಾಟಕ ಸಂಗೀತದ ಜೀವಾಳವೋ, ಸ್ವರದಿಂದ ಸ್ವರಕ್ಕೆ ತೂಗುವ ಗಮಕ. ಪರದೇಶದ ವಾದ್ಯದಲ್ಲಿ ರಾಗವು ಹೇಗೆ ಮೂಡೀತು? ತುಟಿಯ ಒತ್ತು, ಉಸಿರಿನ ಹದ, ವಾದ್ಯದ ಮಾರ್ಪಾಡು ಇವುಗಳಿಂದ, ಸುಮಾರು 20 ವರ್ಷಗಳ ಸಾಧನೆಯ ಬಳಿಕ, ಅವರು ಗಮಕವನ್ನು ಒಲಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮೆನೇಡ್ ಸಂಗೀತೋತ್ಸವದಲ್ಲಿ ನುಡಿಸಿದರು; 2004ರಲ್ಲಿ ಪದ್ಮಶ್ರೀ ಪುರಸ್ಕೃತರಾದರು; 2019ರಲ್ಲಿ ನಿಧನರಾದರು.

ಒಬ್ಬನಿಗೆ ಜನರ ನಗೆ ಎದುರಾಯಿತು; ಇನ್ನೊಬ್ಬರಿಗೆ ವಾದ್ಯದ ಸ್ವಭಾವವೇ ಎದುರಾಯಿತು. ಇಬ್ಬರೂ ಮಾತಿನಿಂದಲ್ಲ, ಅಭ್ಯಾಸದಿಂದಲೇ ಉತ್ತರವಿತ್ತರು.