ಹೋಗುವ ದಾರಿ, ಬರುವ ದಾರಿ: ಕ್ಲೌಡ್ ನೆಟ್‌ವರ್ಕಿಂಗ್ ಪಾಠಕ್ಕೊಂದು ಬೋಧನಾ ಕ್ರಮ

ಕ್ಲೌಡ್ ಪ್ರಮಾಣಪತ್ರ ಪರೀಕ್ಷೆಗೆ ಡಿಪ್ಲೊಮಾ ಮತ್ತು ಬಿ.ಸಿ.ಎ. ವಿದ್ಯಾರ್ಥಿಗಳನ್ನು ಸಿದ್ಧಪಡಿಸುವ ಪ್ರಶಿಕ್ಷಣಾರ್ಥಿಗಳು ನೆಟ್‌ವರ್ಕಿಂಗ್ ಘಟಕವನ್ನು ಸಾಮಾನ್ಯವಾಗಿ ವ್ಯಾಖ್ಯೆಗಳಿಂದ ಆರಂಭಿಸುತ್ತಾರೆ. ವಿ.ಪಿ.ಸಿ. ಎಂದರೇನು, ಸಬ್‌ನೆಟ್ ಎಂದರೇನು, ಗೇಟ್‌ವೇ ಎಂದರೇನು. ಹಲಗೆ ತುಂಬುತ್ತದೆ, ಟಿಪ್ಪಣಿ ಪುಸ್ತಕವೂ ತುಂಬುತ್ತದೆ. ಆದರೆ ಅಮೆಜಾನ್‌ನ ಕ್ಲೌಡ್ ಪ್ರಾಕ್ಟೀಷನರ್ ಪರೀಕ್ಷೆಯಲ್ಲಿ 65 ಪ್ರಶ್ನೆಗಳಿಗೆ ಸಿಗುವುದು 90 ನಿಮಿಷ. ಪ್ರಶ್ನೆಗಳು ಕನ್ನಡದಲ್ಲಿಲ್ಲ. ಶುಲ್ಕ 100 ಡಾಲರ್, ತೆರಿಗೆ ಬೇರೆ. ಮನೆಯಲ್ಲಿ ಕೇಳಿ ಆ ಹಣ ತಂದ ವಿದ್ಯಾರ್ಥಿ ಎರಡನೆಯ ಸಲ ಕಟ್ಟುವುದು ಕಷ್ಟ. ಕಂಠಪಾಠವಾದ ವ್ಯಾಖ್ಯೆ ಅಲ್ಲಿ ಅವನನ್ನು ಕಾಯುವುದಿಲ್ಲ. ಒಂದು ಪ್ಯಾಕೆಟ್ ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ಹೇಗೆ ಮರಳುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸಬಲ್ಲವನಿಗೆ ಆ ವ್ಯಾಖ್ಯೆಗಳು ತಾವಾಗಿಯೇ ದಕ್ಕುತ್ತವೆ.

ಪೂರ್ವಜ್ಞಾನ ಪರೀಕ್ಷೆಗೆ ಬೇರೆ ಸಾಮಗ್ರಿ ಬೇಡ. ಮನೆಯ ವೈ-ಫೈಗೆ ಸೇರಿದಾಗ ಫೋನಿಗೆ ಸಿಗುವ ಐ.ಪಿ. ವಿಳಾಸವನ್ನು ಬರೆದು ತರಲು ಹಿಂದಿನ ದಿನವೇ ಹೇಳಿ. ಹೆಚ್ಚಿನವರದು 192.168 ಎಂದು ಆರಂಭವಾಗುತ್ತದೆ; ಇಬ್ಬರದು ಪೂರ್ತಿ ಒಂದೇ ಆಗಿರಲೂಬಹುದು. ‘ಬೇರೆ ಬೇರೆ ಊರಿನ ಎರಡು ಮನೆಗಳಿಗೆ ಒಂದೇ ವಿಳಾಸ ಹೇಗೆ ಸಾಧ್ಯ?’ ಎಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿರಿ. 1996ರ ಆರ್.ಎಫ್.ಸಿ. 1918 ಎಂಬ ದಾಖಲೆ 10, 172.16ರಿಂದ 172.31, ಮತ್ತು 192.168ರಿಂದ ಆರಂಭವಾಗುವ ವಿಳಾಸಗಳನ್ನು ಒಳಬಳಕೆಗೆಂದೇ ಮೀಸಲಿಟ್ಟಿದೆ. ಹೊರಗಿನ ಇಂಟರ್‌ನೆಟ್‌ನಲ್ಲಿ ಇವು ನಡೆಯವು. ಮನೆಯ ರೂಟರ್ ಒಳವಿಳಾಸವನ್ನು ಹೊರವಿಳಾಸಕ್ಕೆ ಬದಲಿಸಿ ಕಳಿಸುತ್ತದೆ. ನ್ಯಾಟ್ ಎಂಬ ಪದವನ್ನು ಇಲ್ಲಿಯೇ ಹಲಗೆಯ ಮೇಲೆ ಬರೆಯಿರಿ, ಮುಂದೆ ಬೇಕಾಗುತ್ತದೆ.

ಅನಂತರ ಚಿತ್ರ. ದೊಡ್ಡ ಚೌಕವೊಂದನ್ನು ಬರೆದು 10.0.0.0/16 ಎನ್ನಿ, ಅದು ವಿ.ಪಿ.ಸಿ. ಒಳಗೆ ಎರಡು ಚಿಕ್ಕ ಚೌಕಗಳು: 10.0.1.0/24ರಲ್ಲಿ ವೆಬ್ ಸರ್ವರ್, 10.0.2.0/24ರಲ್ಲಿ ಡೇಟಾಬೇಸ್. ಯಾವುದು ಪಬ್ಲಿಕ್, ಯಾವುದು ಪ್ರೈವೇಟ್ ಎಂದು ಈಗಲೇ ಬರೆಯಬೇಡಿ. ಹೆಸರಿಟ್ಟ ಮಾತ್ರಕ್ಕೆ ಸಬ್‌ನೆಟ್ ಪಬ್ಲಿಕ್ ಆಗುವುದಿಲ್ಲ. ಅದನ್ನು ತೀರ್ಮಾನಿಸುವುದು ಅದಕ್ಕೆ ಜೋಡಿಸಿದ ರೂಟ್ ಟೇಬಲ್. ಎರಡೂ ಟೇಬಲ್‌ಗಳಲ್ಲಿ ‘10.0.0.0/16 — ಲೋಕಲ್’ ಎಂಬ ಸಾಲು ಇದ್ದೇ ಇರುತ್ತದೆ. ಆದ್ದರಿಂದಲೇ ವೆಬ್ ಸರ್ವರ್ ಮತ್ತು ಡೇಟಾಬೇಸ್ ನಡುವಿನ ಮಾತಿಗೆ ಯಾವ ಗೇಟ್‌ವೇಯೂ ಬೇಡ. ಮೊದಲ ಟೇಬಲ್‌ಗೆ ಮಾತ್ರ ‘0.0.0.0/0 — ಇಂಟರ್‌ನೆಟ್ ಗೇಟ್‌ವೇ’ ಎಂದು ಸೇರಿಸಿ. ಈಗ ಅದು ಪಬ್ಲಿಕ್ ಸಬ್‌ನೆಟ್. ಇಷ್ಟಾದರೂ ಸರ್ವರ್‌ಗೆ ಹೊರವಿಳಾಸವೊಂದು ಇಲ್ಲದಿದ್ದರೆ ಹೊರಗಿನವರಿಗೆ ಅದು ಸಿಗದು.

ಲೆಕ್ಕದ ಭಾಗಕ್ಕೆ ಹತ್ತು ನಿಮಿಷ ಸಾಕು. 32ರಲ್ಲಿ 24 ಕಳೆದರೆ 8. ಎರಡರ ಎಂಟನೆಯ ಘಾತ 256. ಡಿಪ್ಲೊಮಾದಲ್ಲಿ ನೆಟ್‌ವರ್ಕಿಂಗ್ ಓದಿದವರು ಇಲ್ಲಿ ಎರಡನ್ನು ಕಳೆದು 254 ಎನ್ನುತ್ತಾರೆ. ಅವರು ಕಲಿತದ್ದು ತಪ್ಪಲ್ಲ. ಅಮೆಜಾನ್ ಪ್ರತಿ ಸಬ್‌ನೆಟ್‌ನಲ್ಲಿ ಮೊದಲ ನಾಲ್ಕು ಮತ್ತು ಕೊನೆಯ ಒಂದು, ಒಟ್ಟು ಐದು ವಿಳಾಸಗಳನ್ನು ತನಗಿಟ್ಟುಕೊಳ್ಳುತ್ತದೆ, ಉಳಿಯುವುದು 251. ಅತಿ ಚಿಕ್ಕದಾದ /28ರಲ್ಲಿ 16ಕ್ಕೆ 11. ಚೆನ್ನಾಗಿ ಓದಿದ ವಿದ್ಯಾರ್ಥಿಯೇ ಎಡವುವ ಜಾಗ ಇದು.

ನನ್ನ ಅಭಿಪ್ರಾಯದಲ್ಲಿ ಅವಧಿಯ ಹೆಚ್ಚಿನ ಸಮಯ ಸಲ್ಲಬೇಕಾದದ್ದು ಸೆಕ್ಯುರಿಟಿ ಗ್ರೂಪ್ ಮತ್ತು ನೆಟ್‌ವರ್ಕ್ ಎ.ಸಿ.ಎಲ್. ನಡುವಿನ ವ್ಯತ್ಯಾಸಕ್ಕೆ. ‘ಒಂದು ಸ್ಟೇಟ್‌ಫುಲ್, ಇನ್ನೊಂದು ಸ್ಟೇಟ್‌ಲೆಸ್’ ಎಂದು ಎಲ್ಲರೂ ಒಪ್ಪಿಸುತ್ತಾರೆ. ಹಾಗೆಂದರೇನು ಎಂದರೆ ತರಗತಿ ಮೌನವಾಗುತ್ತದೆ. ಇಬ್ಬರು ವಿದ್ಯಾರ್ಥಿಗಳನ್ನು ಕಾವಲುಗಾರರನ್ನಾಗಿ ನಿಲ್ಲಿಸಿ. ಸರ್ವರ್ ಪಕ್ಕದ ಕಾವಲುಗಾರ ಒಳಬಂದವರ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ, ಅವರ ಉತ್ತರ ಹೊರಹೋಗುವಾಗ ಮತ್ತೆ ಕೇಳುವುದಿಲ್ಲ. ಅವನು ಸೆಕ್ಯುರಿಟಿ ಗ್ರೂಪ್. ಸಬ್‌ನೆಟ್ ಬಾಗಿಲಿನವನ ಬಳಿ ಪುಸ್ತಕವೇ ಇಲ್ಲ. ಬರುವಾಗಲೂ ಹೋಗುವಾಗಲೂ ಚೀಟಿ ನೋಡುತ್ತಾನೆ, ತನ್ನ ನಿಯಮಗಳನ್ನು ಕಡಿಮೆ ಸಂಖ್ಯೆಯಿಂದ ಒಂದೊಂದಾಗಿ ಓದಿ ಮೊದಲು ಹೊಂದಿದ್ದನ್ನೇ ಪಾಲಿಸುತ್ತಾನೆ. ಈಗ 443ನೆಯ ಪೋರ್ಟ್‌ಗೆ ಬಂದ ಕೋರಿಕೆಯ ಚೀಟಿಯನ್ನು ನಡೆಸಿ. ಒಳಗೆ ಬರುತ್ತದೆ. ಉತ್ತರ ಹೊರಡುವಾಗ ಅದು ಸೇರಬೇಕಾದದ್ದು ಬಳಕೆದಾರರ ಯಂತ್ರ ಆ ಹೊತ್ತಿಗೆ ಆರಿಸಿಕೊಂಡ ದೊಡ್ಡ ಸಂಖ್ಯೆಯ ಪೋರ್ಟ್‌ಗೆ. 1024ರಿಂದ 65535ರವರೆಗೆ ಹೊರಹೋಗಲು ಅನುಮತಿ ಬರೆದಿಲ್ಲದಿದ್ದರೆ ಎರಡನೆಯ ಕಾವಲುಗಾರ ತಡೆಯುತ್ತಾನೆ. ಕೋರಿಕೆ ತಲುಪಿದೆ, ಉತ್ತರ ಬಂದಿಲ್ಲ.

ಪ್ರಾಯೋಗಿಕ ತರಗತಿಯಲ್ಲಿ ಇದು ಕಾಣಸಿಗುವುದು ವಿರಳ. ವಿ.ಪಿ.ಸಿ. ಜೊತೆ ತಾನಾಗಿ ಬರುವ ಎ.ಸಿ.ಎಲ್. ಎರಡೂ ಕಡೆ ಎಲ್ಲವನ್ನೂ ಬಿಡುತ್ತದೆ. ಹೊಸದಾಗಿ ಮಾಡಿಕೊಂಡದ್ದು ನಿಯಮ ಸೇರಿಸುವವರೆಗೆ ಎಲ್ಲವನ್ನೂ ತಡೆಯುತ್ತದೆ. ಆದ್ದರಿಂದ ಹೊಸದನ್ನೇ ಮಾಡಿಸಿ, ಒಳನಿಯಮ ಮಾತ್ರ ಬರೆಯಿಸಿ, ಪುಟ ತೆರೆಯದೇ ಹೋಗುವುದನ್ನು ಅವರೇ ನೋಡಲಿ.

ಪದಗಳ ಬಗ್ಗೆ ಒಂದು ಮಾತು. ‘ರೂಟ್ ಟೇಬಲ್’ ಅನ್ನು ‘ಮಾರ್ಗ ಕೋಷ್ಟಕ’ ಎಂದು ಅನುವಾದಿಸುವ ಉತ್ಸಾಹ ಬೇಡ. ಪರೀಕ್ಷೆಯ ಪರದೆಯ ಮೇಲೆ ಕಾಣುವ ಪದವೇ ಕಿವಿಗೂ ಬೀಳಲಿ. ವಿವರಣೆ ಮಾತ್ರ ಅಚ್ಚುಕಟ್ಟಾದ ಕನ್ನಡದಲ್ಲಿರಲಿ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: ಡೇಟಾಬೇಸ್ ಸರ್ವರ್ ತಂತ್ರಾಂಶದ ನವೀಕರಣಗಳನ್ನು ಇಂಟರ್‌ನೆಟ್‌ನಿಂದ ಪಡೆಯಬೇಕು, ಆದರೆ ಹೊರಗಿನವರು ಅದಕ್ಕೆ ಸಂಪರ್ಕ ಆರಂಭಿಸಬಾರದು, ಏನು ಮಾಡುವಿರಿ? ಉತ್ತರ: ಪಬ್ಲಿಕ್ ಸಬ್‌ನೆಟ್‌ನಲ್ಲಿ ನ್ಯಾಟ್ ಗೇಟ್‌ವೇ, ಪ್ರೈವೇಟ್ ಸಬ್‌ನೆಟ್‌ನ ಟೇಬಲ್‌ನಲ್ಲಿ ‘0.0.0.0/0 — ನ್ಯಾಟ್ ಗೇಟ್‌ವೇ’. ಇಂಟರ್‌ನೆಟ್ ಗೇಟ್‌ವೇಗೇ ನೇರ ದಾರಿ ಬರೆದವರು ಆ ಸಬ್‌ನೆಟ್ ಅನ್ನು ಪಬ್ಲಿಕ್ ಮಾಡಿದ್ದಾರೆ. ಅವರಿಗೆ ರೂಟ್ ಟೇಬಲ್ ಪಾಠ ಇನ್ನೊಮ್ಮೆ ಬೇಕು. ನ್ಯಾಟ್ ಗೇಟ್‌ವೇಯನ್ನು ಪ್ರೈವೇಟ್ ಸಬ್‌ನೆಟ್‌ನಲ್ಲೇ ಇಟ್ಟವರೂ ಕೆಲವರಿರುತ್ತಾರೆ. ಅವರನ್ನು ತಿದ್ದುವ ಮೊದಲು ಹಲಗೆಯ ಬಳಿಗೆ ಕರೆದು, ಗೇಟ್‌ವೇಯಿಂದ ಹೊರಟ ಪ್ಯಾಕೆಟ್‌ನ ಮುಂದಿನ ಹೆಜ್ಜೆಯನ್ನು ತೋರಿಸಲು ಹೇಳಿ. ಆ ಸಬ್‌ನೆಟ್‌ನ ಟೇಬಲ್ ಅದನ್ನು ತಿರುಗಿ ಅದೇ ಗೇಟ್‌ವೇಗೆ ಕಳಿಸುತ್ತದೆ ಎಂಬುದು ಅವರ ಕಣ್ಣಿಗೇ ಬೀಳುತ್ತದೆ.