ಕನ್ನಂಬಾಡಿ ಕಟ್ಟೆಯ ಮಟ್ಟ ಮತ್ತು ತರಗತಿಯ ಎಲ್ಲ ಮಕ್ಕಳು

ಪ್ರೌಢಶಾಲೆಗೆ ಹೊಸದಾಗಿ ಬಂದ ಶಿಕ್ಷಕರು ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ವೇಳಾಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಬೇಕು. ಗಣಿತದ ದಿನವೇ ಸಮಾಜಶಾಸ್ತ್ರ ಎಂದಿರುತ್ತದೆ. ವಿಜ್ಞಾನದ ದಿನ ರಾಜ್ಯಶಾಸ್ತ್ರ. ನಮ್ಮ ಶಾಲೆಗಳ ವೇಳಾಪಟ್ಟಿಯಲ್ಲಿ ಪ್ರತ್ಯೇಕ ಪೀರಿಯಡ್ಡೇ ಇಲ್ಲದ ಈ ವಿಷಯಗಳಿಗೆ ಅಲ್ಲೇನು ಕೆಲಸ? ಅಂಗವಿಕಲ ಮಕ್ಕಳು ಗಣಿತ, ವಿಜ್ಞಾನದ ಬದಲು ಬೇರೆ ವಿಷಯ ಬರೆಯಬಹುದೆಂಬ ರಿಯಾಯಿತಿ ಅದು. ಬೇಕಾದ ಮಗುವಿಗೆ ದೊಡ್ಡ ಆಸರೆ, ಅದನ್ನು ಯಾರೂ ಕಿತ್ತುಕೊಳ್ಳಬಾರದು. ಆದರೆ ಎಂಟನೇ ತರಗತಿಗೆ ಕಾಲಿಟ್ಟ ದಿನವೇ ‘ಇವಳಿಗೆ ಹೇಗೂ ರಿಯಾಯಿತಿ ಇದೆಯಲ್ಲ’ ಎಂದುಕೊಂಡು ನಾವು ಕಲಿಸುವುದನ್ನೇ ಬಿಟ್ಟರೆ, ಆ ಹುಡುಗಿ ವಿಜ್ಞಾನ ಬೇಡವೆಂದು ತೀರ್ಮಾನಿಸುವ ಮೊದಲೇ ವಿಜ್ಞಾನ ಅವಳ ಕೈತಪ್ಪಿರುತ್ತದೆ. ಮುಂದೆ ಪಿಯುಸಿ ವಿಜ್ಞಾನಕ್ಕೋ ಡಿಪ್ಲೊಮಾಕ್ಕೋ ಹೋಗಬೇಕೆನಿಸಿದಾಗ ಹಿಂದಿರುಗಿ ಬರುವ ದಾರಿ ಸುಲಭದ್ದಲ್ಲ.

ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇದ್ದವು, ಈಗ 21. ಕಲಿಕಾ ನ್ಯೂನತೆ, ಆಟಿಸಂ ಎರಡೂ ಸೇರಿವೆ. ಪಠ್ಯಕ್ರಮ ಮತ್ತು ಪರೀಕ್ಷೆಯಲ್ಲಿ ಮಾಡಬೇಕಾದ ಮಾರ್ಪಾಡುಗಳಿಗೆ ಈ ಕಾಯ್ದೆಯ 17ನೇ ಕಲಂ ಕೊಡುವ ಉದಾಹರಣೆಗಳು ಮೂರು: ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ. ಗಣಿತದ ಹೆಸರು ಅಲ್ಲಿಲ್ಲ, ವಿಜ್ಞಾನದ್ದೂ ಇಲ್ಲ. ಶಿಕ್ಷಕರ ಸಭೆಯಲ್ಲಿ ರಿಯಾಯಿತಿಯ ಮಾತು ಬಂದಾಗ ಇದನ್ನು ನೆನಪಿಸಿ.

ಹಾಗಾದರೆ ಈ ಮಕ್ಕಳನ್ನೂ ಸೇರಿಸಿಕೊಂಡು ಕಲಿಸುವುದು ಹೇಗೆ? ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಈ ನಾಲ್ಕನ್ನೂ ಒಂದೇ ಪ್ರಶ್ನೆಯ ಸುತ್ತ ಹೆಣೆದು ಕಲಿಸುವುದಕ್ಕೆ ಸ್ಟೆಮ್ ಎನ್ನುತ್ತಾರೆ. ಅಮೆರಿಕದಲ್ಲಿ ಅಂಕ ನೋಡದೆ ಎಲ್ಲ ಮಕ್ಕಳನ್ನೂ ಸೇರಿಸಿಕೊಂಡು ಹೀಗೆ ಕಲಿಸುವ ಪ್ರೌಢಶಾಲೆಗಳೇ ಇವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಮ್ಮ ನಾಲ್ಕು ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆ ಮೊದಲಿನಿಂದಲೂ ಯಾರನ್ನೂ ಆರಿಸದೆ ಸೇರಿಸಿಕೊಂಡಿದೆ. ಇನ್ನೊಂದು ಅನುಕೂಲವೂ ನಮಗಿದೆ. ಪಿಸಿಎಂ ಶಿಕ್ಷಕರೆಂದು ಸೇರಿದವರು ಗಣಿತವನ್ನೂ ಭೌತವಿಜ್ಞಾನವನ್ನೂ ಕಲಿಸುತ್ತಾರೆ, ಜೀವವಿಜ್ಞಾನ ಸಿಬಿಝಡ್ ಶಿಕ್ಷಕರ ಪಾಲು. ಅಂದರೆ ಒತ್ತಡದ ಪಾಠ, ಘನಫಲದ ಪಾಠ ಎರಡೂ ಒಬ್ಬರದೇ ಕೈಯಲ್ಲಿವೆ. ಅವು ಬೇರೆ ಬೇರೆ ತಿಂಗಳಲ್ಲಿ ಬರುವುದು ಪುಸ್ತಕದ ಅನುಕ್ರಮದಿಂದಷ್ಟೇ.

ಎಲ್ಲಿಂದ ಶುರು ಮಾಡುವುದು? ಶ್ರೀರಂಗಪಟ್ಟಣದಲ್ಲಾಗಲಿ ಪಾಂಡವಪುರದಲ್ಲಾಗಲಿ ನನ್ನ ಉತ್ತರ ಒಂದೇ: ಬೆಳಗಿನ ಪತ್ರಿಕೆಯ ಕೆಆರ್‌ಎಸ್, ಅಂದರೆ ಕನ್ನಂಬಾಡಿ ಕಟ್ಟೆಯ ಮಟ್ಟದಿಂದ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಭತ್ತದ ಗದ್ದೆ, ಕಬ್ಬಿನ ತೋಟವಿರುವ ಮನೆಯ ಮಕ್ಕಳಿಗೆ ಇದು ಊಟದ ಹೊತ್ತಿನ ಮಾತು. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾದರೆ ಒಂದು ದಿನದಲ್ಲಿ ಒಂದು ಟಿಎಂಸಿ ತುಂಬಲು ಎಷ್ಟು ಕ್ಯೂಸೆಕ್ ಬರಬೇಕು? ಮಕ್ಕಳೇ ಭಾಗಿಸಲಿ. ಸುಮಾರು 11,574 ಬರುತ್ತದೆ. ಒಳಹರಿವು 20,000, ಹೊರಹರಿವು 5,000 ಇದ್ದರೆ ದಿನಕ್ಕೆ ಹೆಚ್ಚುಕಡಿಮೆ 1.3 ಟಿಎಂಸಿ ಉಳಿಯುತ್ತದೆ. ಕಟ್ಟೆಯ ಪೂರ್ಣ ಸಾಮರ್ಥ್ಯ 49.45 ಟಿಎಂಸಿ. ತುಂಬಲು ಎಷ್ಟು ದಿನ ಬೇಕೆಂದು ಲೆಕ್ಕ ಹಾಕಿದ ಮೇಲೆ ಪತ್ರಿಕೆಯ ಮಟ್ಟವನ್ನು ದಿನವೂ ಬರೆದಿಡಿ. ನೀರು ಅಷ್ಟೇ ಬಂದರೂ ಮಟ್ಟ ಒಂದೇ ಸಮನೆ ಏರುವುದಿಲ್ಲ. 80 ಅಡಿಯ ಹತ್ತಿರ ಬೇಗ ಏರುವ ನೀರು 120ರ ಹತ್ತಿರ ನಿಧಾನವಾಗುತ್ತದೆ. ಮೇಲೆ ಹೋದಂತೆ ಜಲಾಶಯ ಅಗಲವಾಗುತ್ತದೆ ಎಂಬುದನ್ನು ಮಕ್ಕಳು ತಾವೇ ಕಂಡುಹಿಡಿಯುವವರೆಗೆ ಕಾಯಿರಿ. ಒಂದು ಪೀರಿಯಡ್ ಹೋದರೂ ಸರಿ, ಹೇಳಿಕೊಡಬೇಡಿ.

ಆಮೇಲೆ ಗೋಡೆಯ ಕಡೆಗೆ ಬನ್ನಿ. 1911ರಲ್ಲಿ ಶುರುವಾದ ಈ ಕಟ್ಟೆಯನ್ನು ಕಲ್ಲು ಮತ್ತು ಸುರ್ಕಿ ಗಾರೆಯಿಂದ ಕಟ್ಟಿದರು. ಮೇಲೆ ತೆಳು, ತಳದಲ್ಲಿ ದಪ್ಪ. ಏಕೆ? 124.80 ಅಡಿ ಎಂದರೆ ಸುಮಾರು 38 ಮೀಟರ್. ಅಷ್ಟು ಆಳದಲ್ಲಿ ನೀರಿನ ಒತ್ತಡ ಸುಮಾರು 3.7 ಲಕ್ಷ ಪಾಸ್ಕಲ್, ವಾಯುಭಾರದ ಮೂರೂವರೆ ಪಟ್ಟಿಗಿಂತ ಹೆಚ್ಚು. ಹಿಂದೆ ಎಷ್ಟೇ ಮೈಲಿ ನೀರು ನಿಂತಿದ್ದರೂ ಒತ್ತಡ ಆಳವನ್ನಷ್ಟೇ ಕೇಳುತ್ತದೆ. ಇದನ್ನು ನಂಬುವುದು ದೊಡ್ಡವರಿಗೂ ಕಷ್ಟ. ಒಂದು ಪ್ಲಾಸ್ಟಿಕ್ ಬಾಟಲಿಗೆ ಮೂರು ಎತ್ತರದಲ್ಲಿ ತೂತು ಕೊರೆದು ನೀರು ತುಂಬಿ. ಕಣ್ಣು ಕಾಣದ ಹುಡುಗಿ ಮೂರೂ ಧಾರೆಗಳಿಗೆ ಅಂಗೈ ಒಡ್ಡಲಿ. ಕೆಳಗಿನ ಧಾರೆ ಎಷ್ಟು ಜೋರು ಎಂದು ತರಗತಿಗೆ ಮೊದಲು ಹೇಳುವವಳು ಅವಳೇ ಆಗಿರಲಿ. ನೋಡಬಲ್ಲ ಮಕ್ಕಳು ಧಾರೆ ಬಿದ್ದ ದೂರ ಅಳೆಯಲಿ. ಕಿವಿ ಕೇಳದ ಹುಡುಗನಿಗೆ ಈ ಪ್ರಯೋಗದಲ್ಲಿ ಯಾವ ಕೊರತೆಯೂ ಇಲ್ಲ. ಬೇಕಾದದ್ದು ಒಂದೇ, ನೀವು ಬೋರ್ಡಿನ ಕಡೆ ತಿರುಗಿ ಮಾತಾಡಬಾರದು. ನಿಮ್ಮ ತುಟಿ ಅವನಿಗೆ ಕಾಣಬೇಕು, ಮುಖದ ಮೇಲೆ ಬೆಳಕಿರಬೇಕು.

ಮಟ್ಟದ ಗ್ರಾಫನ್ನು ರಟ್ಟಿನ ಮೇಲೆ ದಾರ ಅಂಟಿಸಿ ಮಾಡಿ, ಅಕ್ಷಗಳಿಗೆ ದಪ್ಪ ಹುರಿ, ವಕ್ರರೇಖೆಗೆ ಉಣ್ಣೆಯ ನೂಲು. ಕಾಣದ ಮಗುವಿಗೆಂದು ಮಾಡಿದ ಈ ಗ್ರಾಫನ್ನು ಮುಟ್ಟಿ ನೋಡಿದ ಮೇಲೆಯೇ ‘ಇಳಿಜಾರು’ ಎಂದರೇನೆಂದು ಅರ್ಥವಾಗುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಎಂಜಿನಿಯರಿಂಗ್ ಭಾಗಕ್ಕೆ ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟು ಇದೆ. 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೊದಲು ಕೂರಿಸಿದ ಈ ಉಪಾಯ ಆಮೇಲೆ ಕನ್ನಂಬಾಡಿಗೂ ಬಂತು. ನೀರು ಮಟ್ಟ ಮೀರಿದರೆ ಅದೇ ನೀರಿನ ಬಲದಿಂದ ಗೇಟು ತೆರೆದುಕೊಳ್ಳಬೇಕು, ಇಳಿದಾಗ ಮುಚ್ಚಿಕೊಳ್ಳಬೇಕು. ಒಂದು ರಾಟೆ, ಎರಡು ಡಬ್ಬಿ, ಹಗ್ಗ ಕೊಟ್ಟು ‘ಕೈ ಹಾಕದೆ ತೆರೆಯುವ ಬಾಗಿಲು ಮಾಡಿ’ ಎಂದು ಬಿಟ್ಟುಬಿಡಿ. ಓದು ಬರಹದಲ್ಲಿ ಹಿಂದುಳಿದ, ಡಿಸ್ಲೆಕ್ಸಿಯಾ ಇರಬಹುದೆಂದು ನೀವು ಅನುಮಾನಿಸುವ ಹುಡುಗ ಇಲ್ಲಿ ಮುಂದೆ ಬಂದರೆ ಆಶ್ಚರ್ಯಪಡಬೇಡಿ. ಅವನು ಮಾಡಿದ್ದನ್ನು ಅವನ ಬಾಯಲ್ಲೇ ಕೇಳಿ ಅಂಕ ಕೊಡಿ.

ಕೆ.ಆರ್. ಪೇಟೆ, ನಾಗಮಂಗಲದವರಿಗೆ ಕನ್ನಂಬಾಡಿ ಸ್ವಲ್ಪ ದೂರ. ನಾಗಮಂಗಲದಲ್ಲಿ ಅದಕ್ಕಿಂತ ಒಳ್ಳೆಯದೇ ಇದೆ: ಲೋಹದ ಎರಕ. ಹಿತ್ತಾಳೆ, ಕಂಚಿನ ಕೆಲಸಕ್ಕೆ ಈ ಊರು ಹಳೆಯ ಕಾಲದಿಂದ ಹೆಸರಾದದ್ದು. ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಜಾಗಕ್ಕೆ ಲೋಹ ಹೊಯ್ಯುವ ವಿಧಾನವನ್ನು ಕಲ್ಯಾಣ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಬರೆದಿಟ್ಟ. ಎಷ್ಟು ಲೋಹ ಕರಗಿಸಬೇಕು ಎಂಬುದಕ್ಕೆ ಮೇಣದ ತೂಕವೇ ಅಳತೆ. ಜೇನುಮೇಣದ ಸಾಂದ್ರತೆ ನೀರಿಗಿಂತ ತುಸು ಕಡಿಮೆ, ಕಂಚಿನದು ನೀರಿನ ಸುಮಾರು 8.8 ಪಟ್ಟು. ಗಾತ್ರ ಅದೇ ಇರುವಾಗ ಕಂಚು ಮೇಣಕ್ಕಿಂತ ಒಂಬತ್ತು ಪಟ್ಟು ತೂಗುತ್ತದೆ. ಸಾಂದ್ರತೆ, ಅನುಪಾತ, ಮಿಶ್ರಲೋಹ, ಕರಗುವ ಬಿಂದು ಎಲ್ಲವೂ ಒಂದೇ ಕೆಲಸದಲ್ಲಿ ಬಂದವು. ಶಾಲೆಯಲ್ಲಿ ಲೋಹ ಕರಗಿಸಬೇಡಿ. ಮೇಣದ ಅಚ್ಚಿನಿಂದ ಜಿಪ್ಸಂ ಗೊಂಬೆ ಮಾಡಿದರೆ ಸಾಕು. ಆಕಾರವನ್ನು ಬೆರಳಿನಿಂದ ಅರಿಯುವ ಮಗುವಿಗೆ ಇದು ಅದರದೇ ಕ್ಷೇತ್ರ. ಮೂರು ವರ್ಷದವನಿದ್ದಾಗ ದೃಷ್ಟಿ ಕಳೆದುಕೊಂಡ ಗೀರಟ್ ವರ್ಮೈ ಸಮುದ್ರದ ಚಿಪ್ಪುಗಳನ್ನು ಬೆರಳಿನಿಂದಲೇ ಓದಿ ಜಗತ್ತಿನ ದೊಡ್ಡ ಜೀವವಿಕಾಸ ವಿಜ್ಞಾನಿಗಳಲ್ಲಿ ಒಬ್ಬರಾದರು. ಮಕ್ಕಳಿಗೆ ಅವರ ಕಥೆ ಹೇಳಿ, ತಂದೆತಾಯಿಗೂ ಹೇಳಿ.

ಕೆ.ಆರ್. ಪೇಟೆಯ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಜಗತಿ, ಕಡೆದ ಕಂಬಗಳು ಸಮಮಿತಿಯ ಪಾಠಕ್ಕೆ ಒದಗುತ್ತವೆ. ಪಾಂಡವಪುರದಲ್ಲಿ ಆಲೆಮನೆ: ಸುಣ್ಣ ಹಾಕಿದಾಗ ಕಬ್ಬಿನ ಹಾಲಿನ ಆಮ್ಲತೆ ಇಳಿಯುವುದು, ಕುದಿಯುವ ಸದ್ದು ಬದಲಾಗುವುದು, ಹದ ನೋಡುವುದು. ಬಾಣಲೆಯಿಂದ ಮಕ್ಕಳು ದೂರ ನಿಲ್ಲುವಂತೆ ಮೊದಲೇ ಗೆರೆ ಹಾಕಿ. ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲು ಹಳಿಗಾಗಿ 2017ರಲ್ಲಿ ಟಿಪ್ಪು ಕಾಲದ ಶಸ್ತ್ರಾಗಾರವನ್ನು ಇಡಿಯಾಗಿ ಎತ್ತಿ ಸರಿಸಿದರು. ಒಂದು ಕಟ್ಟಡವನ್ನು ಬಿರುಕು ಬಿಡದಂತೆ ಎತ್ತಲು ಜಾಕ್‌ಗಳು ಸಮನಾಗಿ ಏಕೆ ಏರಬೇಕೆಂದು ಕೇಳಿ, ಪಾಸ್ಕಲ್ ನಿಯಮ ತಾನಾಗಿ ಬರುತ್ತದೆ. ಗಾಲಿಕುರ್ಚಿಯ ಮಗುವಿದ್ದರೆ ಇಂಥ ಜಾಗಕ್ಕೆ ಮುಂಚೆ ನೀವೊಬ್ಬರೇ ಹೋಗಿ ಮೆಟ್ಟಿಲು ನೋಡಿ ಬನ್ನಿ. ಶಾಲೆಯ ಇಳಿಜಾರು ದಾರಿಯನ್ನೇ ಅಳೆಸಿದರೂ ಪಾಠವಾಗುತ್ತದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇದೆಯೇ, ಕೋನ ಎಷ್ಟು? ಹತ್ತನೇ ತರಗತಿಯ ತ್ರಿಕೋನಮಿತಿ ಇಷ್ಟು ಹತ್ತಿರದಲ್ಲಿ ಬೇರೆಲ್ಲೂ ಸಿಗದು. ಅಳತೆ ತಪ್ಪಿದ್ದರೆ ಎಸ್‌ಡಿಎಂಸಿಗೆ ಮಕ್ಕಳೇ ಅರ್ಜಿ ಬರೆಯಲಿ.

ಗುಂಪು ಕೆಲಸದಲ್ಲಿ ಒಂದು ಎಚ್ಚರ ಬೇಕು. ಬೌದ್ಧಿಕ ಅಂಗವೈಕಲ್ಯವಿರುವ ಮಗುವಿನ ಕೈಗೆ ಬಾಟಲಿ ಕೊಟ್ಟು ‘ಹಿಡಿದುಕೋ’ ಎಂದು ಹೇಳಿ, ಉಳಿದ ನಾಲ್ವರು ಯೋಚಿಸುವುದು ನಮ್ಮಲ್ಲಿ ಬಲು ಬೇಗ ಅಭ್ಯಾಸವಾಗುತ್ತದೆ. ನೋಡುವವರಿಗೆ ಎಲ್ಲರೂ ಸೇರಿ ಕಲಿತಂತೆಯೇ ಕಾಣುತ್ತದೆ. ಅಳೆಯುವುದು, ಬರೆಯುವುದು, ಊಹಿಸುವುದು, ಎಲ್ಲರೆದುರು ಹೇಳುವುದು ಈ ಕೆಲಸಗಳು ವಾರವಾರ ಕೈ ಬದಲಾಗಲಿ. ಕಟ್ಟೆಯ ನೀರು ಇಂದು ಗ್ರಾಫಿನ ಯಾವ ಗೆರೆ ಮುಟ್ಟಿತೆಂದು ಬಣ್ಣದ ಪಟ್ಟಿ ಅಂಟಿಸುವ ಮಗು ಮುಂದಿನ ವಾರ ನಾಳೆಯ ಪಟ್ಟಿ ಎಲ್ಲಿ ಬರಬಹುದೆಂದು ಬೆರಳಿಟ್ಟು ತೋರಿಸಲಿ. ಊಹೆ ಅದರ ಹಕ್ಕು ಕೂಡ.

ಎಲ್ಲವನ್ನೂ ನೀವೊಬ್ಬರೇ ಹೊರಬೇಕಿಲ್ಲ. ಪ್ರತಿ ತಾಲ್ಲೂಕಿನ ಬಿಇಒ ಕಚೇರಿಯ ವ್ಯಾಪ್ತಿಯಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳು ಇರುತ್ತಾರೆ. ಬ್ರೈಲ್ ಪಠ್ಯ, ಕಣ್ಣು ಕಾಣದವರು ಲೆಕ್ಕ ಮಾಡುವ ಟೇಲರ್ ಚೌಕಟ್ಟು, ಶ್ರವಣ ಸಾಧನ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಎಲ್ಲಕ್ಕೂ ಮೊದಲ ಕರೆ ಅವರಿಗೆ. ಮಾತು, ಶ್ರವಣದ ತೊಂದರೆಗೆ 1965ರಿಂದ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ನಾಲ್ಕೂ ತಾಲ್ಲೂಕುಗಳಿಗೆ ಒಂದೇ ದಿನದಲ್ಲಿ ಹೋಗಿ ಬರುವ ದೂರ. ಭಾರತೀಯ ಸಂಜ್ಞಾ ಭಾಷೆಯ ನಿಘಂಟಿನಲ್ಲಿ ಈಗ 10,000ಕ್ಕೂ ಹೆಚ್ಚು ಪದಗಳಿವೆ. ‘ಒತ್ತಡ’, ‘ಸಾಂದ್ರತೆ’ಗೆ ಸಂಜ್ಞೆ ಹುಡುಕಿ, ಇಡೀ ತರಗತಿಗೆ ಕಲಿಸಿ.

ಈಗ ರಿಯಾಯಿತಿಯ ಮಾತಿಗೆ ಬರೋಣ. ಎಂಟನೇ ತರಗತಿಯಲ್ಲಿ ಆ ನಿರ್ಧಾರ ಬೇಡ. ಒಂಬತ್ತರ ಕೊನೆಗೆ ಮಗು, ತಂದೆತಾಯಿ, ಬಿಐಇಆರ್‌ಟಿ, ನೀವು ಕೂತು ಮಾತಾಡಿ. ಆ ಹೊತ್ತಿಗೆ ಮಗುವಿನ ಹೆಸರಿನಲ್ಲಿ ಒಂದು ಕಡತ ಇರಲಿ: ದಾರದ ಗ್ರಾಫು, ಅಳತೆಗಳು, ಅದು ಹೇಳಿದ ವಿವರಣೆಯ ಧ್ವನಿಮುದ್ರಣ, ಮಾಡಿದ ಗೇಟಿನ ಫೋಟೊ. ಅದನ್ನು ಮೇಜಿನ ಮೇಲೆ ತೆರೆದಿಟ್ಟು ಮೊದಲು ಮಗುವನ್ನೇ ಕೇಳಿ, ಗಣಿತ ಬರೆಯುತ್ತೀಯಾ, ಸಮಾಜಶಾಸ್ತ್ರವಾ? ಗಣಿತ ಎಂದರೆ ಹೆಚ್ಚುವರಿ ಸಮಯಕ್ಕೂ ಬರೆಯುವ ಸಹಾಯಕರಿಗೂ ಅರ್ಜಿಯನ್ನು ಪರೀಕ್ಷಾ ನೋಂದಣಿಯ ಜೊತೆಗೇ ಕಳಿಸಿ, ಲೆಕ್ಕದ ಚಿಹ್ನೆಗಳನ್ನು ಓದಿ ಹೇಳಬಲ್ಲ ಸಹಾಯಕರನ್ನು ಹುಡುಕಿ, ಆ ಮಗು ಅವರೊಂದಿಗೆ ಕೂತು ಅಭ್ಯಾಸ ಮಾಡಲು ಡಿಸೆಂಬರಿನಿಂದಲೇ ಸಮಯ ಕೊಡಿ.